ತಾಸಿನ ಮಾತೋ, ವಾರದ ಮಾತೋ: ಎದೆನೋವಿನ ಪರೀಕ್ಷೆ, ಚಿಕಿತ್ಸೆಗಳ ಹೋಲಿಕೆ

ರಾತ್ರಿ ಒಂಬತ್ತೂವರೆಗೆ ಶಟರ್ ಅರ್ಧ ಇಳಿಸಿದ ಮೇಲೆ ಬರುವ ಗಿರಾಕಿಗಳು ಕೇಳುವುದು ಹೆಚ್ಚಾಗಿ ಎರಡೇ ವಸ್ತು. ಒಂದು ಮಕ್ಕಳ ಜ್ವರದ ಔಷಧ, ಇನ್ನೊಂದು ‘ಗ್ಯಾಸಿನ ಗುಳಿಗಿ’. ಎರಡನೆಯದನ್ನು ಕೇಳಿದವರಿಗೆ ನಾನು ಕೂಡಲೇ ಪಟ್ಟಿ ಹರಿದು ಕೊಡುವುದಿಲ್ಲ. ‘ಎಷ್ಟೊತ್ತಾತ್ರೀ? ಬೆವರ ಬಂದೈತೇನು? ಎಡಗೈಗೆ, ಗದ್ದಕ್ಕ ಎಳೀತೈತೇನು?’ ಎಂದು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ‘ನೀ ಯಾವಾಗ ಡಾಕ್ಟರ್ ಆದಿಯೋ ತಮ್ಮಾ, ಗುಳಿಗಿ ಕೊಡು ಸಾಕು’ ಎಂದು ಬೈದವರೂ ಇದ್ದಾರೆ. ಡಾಕ್ಟರ್ ಅಲ್ಲ, ನಿಜ. ಜಮಖಂಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಔಷಧದಂಗಡಿ ನಡೆಸುತ್ತಿರುವವನು. ಆದರೆ ಚೀಟಿ ಹಿಡಿದು ಬಂದವರು ಔಷಧಕ್ಕಿಂತ ಹೆಚ್ಚಾಗಿ ಪ್ರಶ್ನೆಗಳನ್ನೇ ತರುತ್ತಾರೆ. ಟಿಎಂಟಿ (ಓಡುವ ಪಟ್ಟಿಯ ಪರೀಕ್ಷೆ) ಮಾಡಿಸಲೋ, ಸಿಟಿ (ನಾಳದ ಸ್ಕ್ಯಾನ್) ಮಾಡಿಸಲೋ? ಬೆಳಗಾವಿಗೆ ಹೋಗಲೋ, ಮಿರಜಕ್ಕೋ? ಸ್ಟೆಂಟ್ (ನಾಳ ತೆರೆದಿಡುವ ಲೋಹದ ಜಾಳಿಗೆ) ಹಾಕಿಸಲೋ, ಗುಳಿಗೆಯಲ್ಲೇ ನಡೆಯುತ್ತದೋ?

ಈ ಪ್ರಶ್ನೆಗಳಿಗೆ ನನ್ನ ಅಭಿಪ್ರಾಯಕ್ಕಿಂತ ಗಟ್ಟಿಯಾದ ಉತ್ತರಗಳಿವೆ. ಸಾವಿರಾರು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದು ಚಿಕಿತ್ಸೆ, ಇನ್ನೊಂದಕ್ಕೆ ಮತ್ತೊಂದು ಕೊಟ್ಟು, ವರ್ಷಗಟ್ಟಲೆ ಕಾದು ಲೆಕ್ಕ ಹಾಕಿದ ಅಧ್ಯಯನಗಳವು. ಆದರೆ ಅವನ್ನು ಓದುವಾಗ ಒಂದು ಮಾತು ನೆನಪಿಡಬೇಕು. ಪ್ರತಿ ಅಧ್ಯಯನವೂ ಯಾವುದೋ ಒಂದು ತರದ ರೋಗಿಯ ಮೇಲೆ ನಡೆದಿದೆ. ‘ನಾನು ಆ ತರದ ರೋಗಿಯೇ?’ ಎಂದು ಕೇಳದೆ ಉತ್ತರ ಮಾತ್ರ ಎತ್ತಿಕೊಂಡರೆ, ಪಕ್ಕದ ಮನೆಯವರ ಚಾಳೀಸು ಹಾಕಿಕೊಂಡ ಹಾಗೆ.

ಮೊದಲನೆಯ ವಿಂಗಡಣೆಯಂತೂ ತೀರ ಸರಳ. ನಿಮ್ಮದು ತಾಸಿನ ಮಾತೋ, ವಾರದ ಮಾತೋ?

ತಾಸಿನ ಮಾತು

ಕೂತಲ್ಲೇ ಬಂದ ನೋವು, ಹದಿನೈದು–ಇಪ್ಪತ್ತು ನಿಮಿಷವಾದರೂ ಇಳಿಯದ ನೋವು, ಬೆವರು, ವಾಂತಿ, ದಮ್ಮು ಜೊತೆಗಿದ್ದ ನೋವು: ಇವು ತಾಸಿನ ಮಾತು. ಹೋದ ತಿಂಗಳು ಮಾಳಿಗೆ ಹತ್ತಿದಾಗ ಮಾತ್ರ ಬರುತ್ತಿದ್ದದ್ದು ಈಗ ಬಚ್ಚಲಿಗೆ ಹೋದರೂ ಬರುತ್ತಿದ್ದರೆ ಅದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಮೇಲುಹೊಟ್ಟೆಯ ಉರಿಯ ವೇಷದಲ್ಲಿ ಬರುವ ಹೃದಯಾಘಾತವೂ ಉಂಟು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದ ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಬೆವರು, ಉಸಿರು ಸಾಲದಿರುವುದು ಇವಷ್ಟೇ ಇರಬಹುದು. ನಮ್ಮ ಕಡೆ ಅವ್ವಂದಿರು ‘ವಾಯು ಹಿಡದೈತಿ’ ಎಂದು ಓಮಿನಕಾಳು ಅಗಿದು ಮಲಗುವುದು ಇಂಥದಕ್ಕೇ.

ಇಲ್ಲಿ ಪರೀಕ್ಷೆಗಳ ನಡುವೆ ಆಯ್ಕೆಯೇ ಇಲ್ಲ. ಇಸಿಜಿ, ಅದೂ ದವಾಖಾನೆಯ ಬಾಗಿಲು ದಾಟಿದ ಹತ್ತು ನಿಮಿಷದೊಳಗೆ. ಅದರಲ್ಲಿ ಎಸ್‌ಟಿ ಎಂಬ ಭಾಗ ಮೇಲೆದ್ದಿದ್ದರೆ ರಕ್ತನಾಳ ಪೂರ್ತಿ ಮುಚ್ಚಿದೆ ಎಂದು ತಿಳಿದು ತೆರೆಯುವ ಕೆಲಸ ಆಗಲೇ ಶುರುವಾಗಬೇಕು, ರಕ್ತದ ವರದಿಗಾಗಿ ಕಾಯುವ ಹಾಗಿಲ್ಲ. ಮೇಲೆದ್ದಿಲ್ಲದಿದ್ದರೆ ಟ್ರೋಪೋನಿನ್ ಎಂಬ ರಕ್ತಪರೀಕ್ಷೆ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುವ ಪ್ರೊಟೀನು ಅದು. ಸೋರಲು ಹೊತ್ತು ಬೇಕಾದ್ದರಿಂದ ನೋವು ಬಂದು ಅರ್ಧ ತಾಸಿಗೇ ಮಾಡಿದ ಟ್ರೋಪೋನಿನ್ ‘ನೆಗೆಟಿವ್’ ಬಂತೆಂದು ಖುಷಿಯಿಂದ ಮನೆಗೆ ಹೋಗುವಂತಿಲ್ಲ. ಒಂದರಿಂದ ಮೂರು ತಾಸಿನ ನಂತರ ಮತ್ತೆ ಮಾಡಬೇಕು. ಇಸಿಜಿಯೂ ಹಾಗೇ. ಮೊದಲನೆಯದು ಚೆನ್ನಾಗಿದ್ದು, ನೋವು ಇನ್ನೂ ಇದ್ದರೆ, ‘ಇನ್ನೊಮ್ಮೆ ತಗೀರಿ ಸಾಹೇಬ್ರ’ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ನಿಜವಾದ ಆಯ್ಕೆ ಬರುವುದು ಇಲ್ಲಿ. ಎಸ್‌ಟಿ ಎದ್ದಿದೆ, ಮುಚ್ಚಿದ ನಾಳ ತೆರೆಯಲು ಎರಡು ದಾರಿ. ಒಂದು, ಹೆಪ್ಪು ಕರಗಿಸುವ ಸೂಜಿ, ಇಲ್ಲಿಯೇ, ಈಗಲೇ. ಇನ್ನೊಂದು, ಕ್ಯಾಥ್‌ಲ್ಯಾಬ್ (ನಾಳದೊಳಗೆ ನಳಿಕೆ ತೂರಿಸುವ ಕೋಣೆ) ಇರುವ ದೊಡ್ಡ ಊರಿಗೆ ಓಡಿ ಬಲೂನು, ಸ್ಟೆಂಟ್‌ನಿಂದ ತೆರೆಸುವುದು.

ಡೆನ್ಮಾರ್ಕಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಡನಾಮಿ-2 ಅಧ್ಯಯನ ಎರಡನೆಯದರ ಪರ. ಸಣ್ಣ ಆಸ್ಪತ್ರೆಗೆ ಬಂದವರಲ್ಲಿ ಅರ್ಧ ಜನರಿಗೆ ಅಲ್ಲೇ ಸೂಜಿ ಕೊಟ್ಟರು, ಅರ್ಧ ಜನರನ್ನು ಆಂಬುಲೆನ್ಸಿನಲ್ಲಿ ಸ್ಟೆಂಟ್ ಹಾಕುವ ಕೇಂದ್ರಕ್ಕೆ ಕಳಿಸಿದರು. ತಿಂಗಳೊಳಗೆ ಸಾವು, ಮರು ಆಘಾತ ಅಥವಾ ಪಾರ್ಶ್ವವಾಯು ಆದವರು ಸೂಜಿಯ ಗುಂಪಿನಲ್ಲಿ ಶೇ. 14.2, ಕಳಿಸಿದವರಲ್ಲಿ ಶೇ. 8.5. ಇಷ್ಟು ಓದಿದವರು ‘ಹಂಗಾದ್ರ ಬೆಳಗಾವಿಗೆ ಹೊಂಡ್ರಿ’ ಅನ್ನುತ್ತಾರೆ. ತಡೆಯಿರಿ. ಡೆನ್ಮಾರ್ಕಿನ ರೋಗಿಗಳಲ್ಲಿ ಶೇ. 96 ಜನ ಎರಡು ತಾಸಿನೊಳಗೆ ಆ ಕೇಂದ್ರ ಮುಟ್ಟಿದ್ದರು. ಜಮಖಂಡಿಯಿಂದ ಬೆಳಗಾವಿ ಮೂರು ತಾಸಿನ ಹತ್ತಿರದ ಹಾದಿ. ಕಬ್ಬಿನ ಸೀಜನ್‌ನಲ್ಲಿ ಜೋಡಿ ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್‌ಗಳು ಫ್ಯಾಕ್ಟರಿ ಗೇಟಿನಿಂದ ಸಾಲುಗಟ್ಟಿ ನಿಂತಿದ್ದರೆ 108ರ ಸೈರನ್‌ಗೆ ದಾರಿ ಬಿಡಬೇಕೆಂದರೂ ಬಿಡಲು ಜಾಗವಿರುವುದಿಲ್ಲ. ಡೆನ್ಮಾರ್ಕಿನ ಲೆಕ್ಕ ಡೆನ್ಮಾರ್ಕಿನ ರಸ್ತೆಗೆ.

ನಮ್ಮ ತಾಲೂಕಿಗೆ ಹೊಂದುವುದು 2013ರ ಸ್ಟ್ರೀಮ್ ಅಧ್ಯಯನ. ನೋವು ಶುರುವಾದ ಮೂರು ತಾಸಿನೊಳಗೆ ಬಂದು, ಒಂದು ತಾಸಿನಲ್ಲಿ ಕ್ಯಾಥ್‌ಲ್ಯಾಬ್ ಮುಟ್ಟಲಾಗದ 1,892 ರೋಗಿಗಳನ್ನು ಆರಿಸಿ, ಅರ್ಧ ಜನರಿಗೆ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಸೂಜಿ ಕೊಟ್ಟು ಆಮೇಲೆ ಆಂಜಿಯೋಗ್ರಾಮಿಗೆ (ನಾಳದ ಚಿತ್ರ ತೆಗೆಯುವ ಪರೀಕ್ಷೆಗೆ) ಕಳಿಸಿದರು; ಉಳಿದವರನ್ನು ನೇರ ಸ್ಟೆಂಟಿಗೆ ಕಳಿಸಿದರು. ತಿಂಗಳೊಳಗೆ ಸಾವು, ಹೃದಯ ಸೋತು ಬಿಪಿ ಕುಸಿಯುವುದು, ಹೃದಯ ವೈಫಲ್ಯ ಅಥವಾ ಮರು ಹೃದಯಾಘಾತ ಕಂಡವರು ಸೂಜಿಯವರಲ್ಲಿ ಶೇ. 12.4, ನೇರ ಸ್ಟೆಂಟಿನವರಲ್ಲಿ ಶೇ. 14.3. ಹೆಚ್ಚುಕಡಿಮೆ ಸಮ. ಸೂಜಿಗೆ ತೆತ್ತ ಬೆಲೆಯೆಂದರೆ ಮಿದುಳಿನ ರಕ್ತಸ್ರಾವ: ಶೇ. 1.0, ಅತ್ತ ಶೇ. 0.2. 75 ದಾಟಿದವರಿಗೆ ಡೋಸ್ ಅರ್ಧ ಮಾಡಿದ ಮೇಲೆ ಅದೂ ಇಳಿಯಿತು. ಇನ್ನೊಂದನ್ನು ಮರೆಯಬಾರದು. ಸೂಜಿ ಹಾಕಿಸಿಕೊಂಡವರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಜನರಿಗೆ ನಾಳ ಸರಿಯಾಗಿ ತೆರೆಯದೆ ತುರ್ತಾಗಿ ಕ್ಯಾಥ್‌ಲ್ಯಾಬ್ ಬೇಕಾಯಿತು. ಅಂದರೆ ಸೂಜಿ ಹಾಕಿಸಿಕೊಂಡು ಮನೆಗೆ ಹೋಗುವುದಲ್ಲ. ಸೂಜಿ ಹಾಕಿಸಿಕೊಂಡು ಬೆಳಗಾವಿಯದೋ ವಿಜಯಪುರದ್ದೋ ಗಾಡಿ ಹತ್ತುವುದು, ಎರಡರಿಂದ ಇಪ್ಪತ್ನಾಲ್ಕು ತಾಸಿನೊಳಗೆ ಆಂಜಿಯೋಗ್ರಾಮ್ ಮಾಡಿಸುವುದು.

ಹಾಗಾಗಿ ಲೆಕ್ಕ ಇಷ್ಟು: ಇಸಿಜಿ ಆದ ಹೊತ್ತಿನಿಂದ ಎರಡು ತಾಸಿನೊಳಗೆ ಬಲೂನು ನಾಳ ಮುಟ್ಟುತ್ತದೆಯೇ? ಹೌದಾದರೆ ನೇರ ಸ್ಟೆಂಟ್. ಬೆಳಗಾವಿ, ವಿಜಯಪುರ ನಗರದಲ್ಲೇ ಇರುವವರಿಗೆ ಇದು ಸಾಧ್ಯ. ಇಲ್ಲವಾದರೆ, ಮತ್ತು ನೋವು ಶುರುವಾಗಿ ಹನ್ನೆರಡು ತಾಸು ದಾಟಿರದಿದ್ದರೆ, ಸಮೀಪದಲ್ಲೇ ಸೂಜಿ. ಎರಡು ತಾಸು ಎಂದರೆ ಪ್ರಯಾಣದ ಹೊತ್ತಲ್ಲ. ಗಾಡಿ ಸಿಗುವುದು, ಮುಟ್ಟುವುದು, ಕಾಗದಪತ್ರ, ಲ್ಯಾಬಿನವರು ಮನೆಯಿಂದ ಬರುವುದು ಎಲ್ಲ ಸೇರಿ. ಅರ್ಧರಾತ್ರಿ ಹೊರಡುವ ಮುನ್ನ ಅಲ್ಲಿಗೆ ಫೋನ್ ಹಚ್ಚಿ ‘ಕ್ಯಾಥ್‌ಲ್ಯಾಬ್ ಈಗ ನಡೀತೈತೇನ್ರೀ?’ ಎಂದು ಕೇಳಿದರೆ ಎಷ್ಟೋ ಅಲೆದಾಟ ತಪ್ಪುತ್ತದೆ. ಮಿದುಳಿನಲ್ಲಿ ಹಿಂದೆ ರಕ್ತಸ್ರಾವವಾದವರು, ಇತ್ತೀಚೆಗೆ ಪಾರ್ಶ್ವವಾಯುವಾದವರು, ದೊಡ್ಡ ಆಪರೇಷನ್ ಆದವರು ಅದನ್ನು ಮೊದಲೇ ಹೇಳಬೇಕು. ಅವರಿಗೆ ಈ ಸೂಜಿ ನಡೆಯುವುದಿಲ್ಲ. ಎಸ್‌ಟಿ ಏಳದ ಹೃದಯಾಘಾತಕ್ಕೂ ಇದು ಸಲ್ಲದು.

ಟೆನೆಕ್ಟೆಪ್ಲೇಸ್ ದುಬಾರಿ ಔಷಧ, ಒಂದು ಡೋಸಿಗೆ ಹತ್ತಾರು ಸಾವಿರ. ಸಾಮಾನ್ಯ ಅಂಗಡಿಯಲ್ಲಿ ಇಡುವಂಥದಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡ ನಂತರ ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ, ಅವರು ಹೌದೆಂದರೆ ಇಲ್ಲೇ ಈ ಸೂಜಿ ಬಿಟ್ಟಿ ಸಿಗುತ್ತದೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಇದು ನಡೆಯುತ್ತಿದೆಯೇ ಎಂದು ಆರೋಗ್ಯವಾಗಿರುವಾಗಲೇ ಒಮ್ಮೆ ವಿಚಾರಿಸಿ ಇಟ್ಟುಕೊಳ್ಳಿ. ಗ್ಯಾಸ್ ಸಿಲಿಂಡರಿನ ನಂಬರ್ ಬರೆದಿಟ್ಟ ಗೋಡೆಯ ಮೇಲೆ ಇದಕ್ಕೂ ಜಾಗವಿರುತ್ತದೆ.

ಗಾಡಿ ಬರುವತನಕ ಏನು? ಆಸ್ಪಿರಿನ್. 1988ರ ಐಸಿಸ್-2 ಅಧ್ಯಯನ 17,187 ರೋಗಿಗಳದ್ದು. ಆಸ್ಪಿರಿನ್ ಕೊಡದವರಲ್ಲಿ ಐದು ವಾರದೊಳಗೆ ಹೃದಯ–ರಕ್ತನಾಳದ ಕಾರಣಕ್ಕೆ ತೀರಿಕೊಂಡವರು ಶೇ. 11.8, ಕೊಟ್ಟವರಲ್ಲಿ ಶೇ. 9.4. ಮೂರು ಕಾಸಿನ ಗುಳಿಗೆಯೊಂದು ಆ ಹೊತ್ತಿಗೆ ಇಷ್ಟು ದೊಡ್ಡ ಕೆಲಸ ಮಾಡುತ್ತದೆ ಎಂದು ಜಗತ್ತಿಗೆ ಗೊತ್ತಾದದ್ದು ಆಗ. 300 ಮಿಲಿಗ್ರಾಂ, ನುಂಗದೆ ಅಗಿಯಬೇಕು. ಮನೆಯಲ್ಲಿ 75ರ ಗುಳಿಗೆಗಳಿದ್ದರೆ ನಾಲ್ಕು. ಆಸ್ಪಿರಿನ್ ಒಗ್ಗದವರು, ಹೊಟ್ಟೆಯಲ್ಲಿ ರಕ್ತ ಸೋರುವವರು ಬಿಟ್ಟು. ವಾಟ್ಸಾಪಿನಲ್ಲಿ ಇದರ ಜೊತೆ ಸಾರ್ಬಿಟ್ರೇಟನ್ನೂ ಸೇರಿಸಿ ‘ಜೀವ ಉಳಿಸುವ ಕಿಟ್’ ಎಂದು ಹಂಚುತ್ತಾರೆ. ನಾಲಗೆ ಕೆಳಗಿಡುವ ಆ ಗುಳಿಗೆ ಬಿಪಿ ಇಳಿಸುತ್ತದೆ. ಬಿಪಿ ಆಗಲೇ ಬಿದ್ದವರಿಗೆ, ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್ ತಗೊಂಡವರಿಗೆ ಅದು ಅಪಾಯ. ಗಿರಾಕಿಗಳು ಈ ಎರಡನೆಯದನ್ನು ಹೆಂಡತಿಯ ಮುಂದೆ ಹೇಳುವುದಿಲ್ಲವಾದ್ದರಿಂದ ನಾನು ಸಾರ್ಬಿಟ್ರೇಟನ್ನು ಚೀಟಿಯಿಲ್ಲದೆ ಕೊಡುವುದೇ ಇಲ್ಲ.

ಐಸಿಸ್-2ರದ್ದೇ ಒಂದು ತಮಾಷೆ ಇದೆ. ರೋಗಿಗಳನ್ನು ಸಣ್ಣ ಸಣ್ಣ ಗುಂಪು ಮಾಡಿ ಫಲಿತಾಂಶ ಕೊಡಿ ಎಂಬ ಒತ್ತಾಯ ಬಂದಾಗ ಸಂಶೋಧಕರು ಜನ್ಮರಾಶಿಯ ಪ್ರಕಾರವೂ ವಿಂಗಡಿಸಿ ತೋರಿಸಿದರು: ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಉಪಯೋಗವಿಲ್ಲ, ಉಳಿದ ರಾಶಿಗಳಿಗೆ ಭಾರಿ ಉಪಯೋಗ! ಗುಂಪು ಸಣ್ಣದಾದಷ್ಟೂ ಕಾಕತಾಳೀಯ ಜೋರಾಗುತ್ತದೆ ಎಂದು ತೋರಿಸಲು ಹೂಡಿದ ಆಟ ಅದು. ‘ನಮ್ಮ ಕಾಕಾಗ ಸ್ಟೆಂಟ್ ಹಾಕ್ಸಿದ್ರೂ ಉಳೀಲಿಲ್ಲ, ನಮ್ಮ ಬೀಗರು ಬೆಳ್ಳುಳ್ಳಿ ಕಷಾಯದಾಗ ಆರಾಮಾದ್ರು’ ಎಂಬ ಕಟ್ಟೆಯ ಮಾತು ಇದಕ್ಕಿಂತಲೂ ಸಣ್ಣ ಗುಂಪಿನ ಲೆಕ್ಕ. ಒಬ್ಬನೇ ಒಬ್ಬ.

ವಾರದ ಮಾತು: ಯಾವ ಪರೀಕ್ಷೆ?

ಏರು ಹತ್ತಿದಾಗ, ಹೊಲದಲ್ಲಿ ಕೊಡ ಹೊತ್ತಾಗ, ಉಂಡ ಮೇಲೆ ದುಡುದುಡು ನಡೆದಾಗ ಎದೆ ಬಿಗಿದು, ನಿಂತರೆ ಎರಡು ಮೂರು ನಿಮಿಷದಲ್ಲಿ ಬಿಡುತ್ತದೆ. ತಿಂಗಳುಗಳಿಂದ ಹೀಗೇ ಇದೆ, ಹೆಚ್ಚಾಗಿಲ್ಲ. ಇದು ವಾರದ ಮಾತು. ಯೋಚಿಸಲು ಹೊತ್ತಿದೆ, ಎರಡನೆಯ ವೈದ್ಯರನ್ನು ಕಾಣಲು ಹೊತ್ತಿದೆ, ಮಗ ಪುಣೆಯಿಂದ ಬರುವತನಕವೂ ಹೊತ್ತಿದೆ.

ನಮ್ಮ ರೈತರಿಗೆ ನಾನು ಹೇಳುವ ಹೋಲಿಕೆ ಒಂದೇ. ಹೊಲಕ್ಕೆ ನೀರು ಸಾಲುತ್ತಿಲ್ಲ ಎಂದಾಗ ಮೀಟರ್ ನೋಡುವುದು ಬೇರೆ, ಪಂಪು ನೋಡುವುದು ಬೇರೆ, ಪೈಪು ನೋಡುವುದು ಬೇರೆ. ಇಸಿಜಿ ಕರೆಂಟನ್ನು ನೋಡುತ್ತದೆ. ಎಕೋ ಪಂಪನ್ನು ನೋಡುತ್ತದೆ, ಎಷ್ಟು ಜೋರಾಗಿ ಒತ್ತುತ್ತಿದೆ, ಕವಾಟ ಸೋರುತ್ತಿದೆಯೇ ಎಂದು. ಪೈಪಿನೊಳಗೆ ಕಟ್ಟಿಕೊಂಡದ್ದು ಇವೆರಡಕ್ಕೂ ಕಾಣುವುದಿಲ್ಲ. ‘ಎಕೋ ನಾರ್ಮಲ್ ಐತ್ರಿ, ಬ್ಲಾಕ್ ಇಲ್ಲ’ ಎಂದು ಚೀಟಿ ಮಡಚಿ ಜೇಬಿಗಿಟ್ಟವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ, ಎಕೋ ಎರಡೂ ಚೆನ್ನಾಗಿದ್ದು ನಾಳ ಶೇ. 80 ಕಟ್ಟಿಕೊಂಡಿರುವುದು ಅಪರೂಪವಲ್ಲ.

ಟಿಎಂಟಿ ಎಂದರೆ ಪಂಪನ್ನು ಫುಲ್ ಲೋಡಿನಲ್ಲಿ ಓಡಿಸಿ ನೋಡುವುದು. ಬ್ರೂಸ್ ಪದ್ಧತಿಯಲ್ಲಿ ಪ್ರತಿ ಮೂರು ನಿಮಿಷಕ್ಕೆ ಓಡುವ ಪಟ್ಟಿಯ ವೇಗವೂ ಏರೂ ಹೆಚ್ಚುತ್ತವೆ, ಇಸಿಜಿ ನಡೆಯುತ್ತಲೇ ಇರುತ್ತದೆ. ಅಗ್ಗ, ಸೂಜಿಯಿಲ್ಲ, ಜಿಲ್ಲಾ ಕೇಂದ್ರಗಳಲ್ಲೆಲ್ಲ ಸಿಗುತ್ತದೆ. ದೋಷ? ನಿಜವಾಗಿ ಬ್ಲಾಕ್ ಇರುವ ಹತ್ತು ಜನರಲ್ಲಿ ಸುಮಾರು ಮೂವರನ್ನು ಇದು ಬಿಟ್ಟುಬಿಡುತ್ತದೆ. ಇಲ್ಲದವರಲ್ಲೂ ಹತ್ತಕ್ಕೆ ಇಬ್ಬರಿಗೆ ಸುಳ್ಳೇ ‘ಪಾಸಿಟಿವ್’ ಅನ್ನುತ್ತದೆ, ಹೆಂಗಸರಲ್ಲಿ ಇನ್ನೂ ಹೆಚ್ಚು. ಮೊಣಕಾಲು ನೋವಿನವರು ಅರ್ಧಕ್ಕೇ ಇಳಿದುಬಿಟ್ಟರೆ ಆ ವರದಿಗೆ ಅರ್ಥವಿಲ್ಲ. ಆದರೂ ಒಂದು ವಿಷಯ ಇದು ಹೇಳಿದಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳುವುದಿಲ್ಲ: ಮನುಷ್ಯ ಎಷ್ಟು ಕೆಲಸ ತಡೆದಾನು ಎಂಬುದನ್ನು. ಒಂಬತ್ತು–ಹತ್ತು ನಿಮಿಷ ನೋವಿಲ್ಲದೆ ಓಡಿದವನ ಮುಂದಿನ ದಿನಗಳು ಹೆಚ್ಚಾಗಿ ಚೆನ್ನಾಗಿಯೇ ಇರುತ್ತವೆ.

ಸಿಟಿ ಆಂಜಿಯೋಗ್ರಾಮ್ ಪೈಪನ್ನೇ ನೋಡುತ್ತದೆ, ಕೈಯ ರಕ್ತನಾಳಕ್ಕೆ ಬಣ್ಣದ ಔಷಧ ಬಿಟ್ಟು. ಸ್ಕಾಟ್ಲೆಂಡಿನ ಸ್ಕಾಟ್-ಹಾರ್ಟ್ ಅಧ್ಯಯನದಲ್ಲಿ 4,146 ಎದೆನೋವಿನವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲಿ ತಪಾಸಣೆ, ಇನ್ನೊಂದಕ್ಕೆ ಅದರ ಜೊತೆ ಸಿಟಿ ಮಾಡಿದರು. ಐದು ವರ್ಷದಲ್ಲಿ ಹೃದಯಾಘಾತ ಅಥವಾ ಅದರಿಂದ ಸಾವು: ಸಿಟಿ ಗುಂಪಿನಲ್ಲಿ ಶೇ. 2.3, ಇನ್ನೊಂದರಲ್ಲಿ ಶೇ. 3.9. ಫೋಟೋ ತೆಗೆದರೆ ಆಯಸ್ಸು ಹೆಚ್ಚುತ್ತದೆಯೇ? ಇಲ್ಲ. ಸ್ಟೆಂಟ್, ಬೈಪಾಸ್ (ಎದೆ ತೆರೆದು ಬೇರೆ ನಾಳ ಜೋಡಿಸುವ ಆಪರೇಷನ್) ಇವು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮವೇ ಆಗಿದ್ದವು. ವ್ಯತ್ಯಾಸ ಇದ್ದದ್ದು ಗುಳಿಗೆಗಳಲ್ಲಿ. ನಾಳದ ಗೋಡೆಯಲ್ಲಿ ಕೊಬ್ಬು ಕೂತದ್ದನ್ನು ಕಣ್ಣಾರೆ ಕಂಡಮೇಲೆ ವೈದ್ಯರು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಆಸ್ಪಿರಿನ್ ಹೆಚ್ಚು ಬರೆದರು, ರೋಗಿಗಳೂ ತಗೊಂಡರು. ಆದರೆ ಅಮೆರಿಕದ ಪ್ರಾಮಿಸ್ ಅಧ್ಯಯನದಲ್ಲಿ, ಹತ್ತು ಸಾವಿರ ಜನರಲ್ಲಿ, ಸಿಟಿಗೂ ಟಿಎಂಟಿಯಂಥ ಪರೀಕ್ಷೆಗಳಿಗೂ ಫಲಿತಾಂಶದಲ್ಲಿ ಭೇದ ಕಾಣಲಿಲ್ಲ. ಎರಡನ್ನೂ ಎದುರಿಗಿಟ್ಟು ನನಗೆ ಅನಿಸುವುದು: ನಡೆಯಬಲ್ಲ, ಇಸಿಜಿ ನೆಟ್ಟಗಿರುವ ಗಂಡಸಿಗೆ ಟಿಎಂಟಿಯಿಂದ ಶುರು ಮಾಡಿದರೆ ನಷ್ಟವಿಲ್ಲ. ಐವತ್ತರ ಆಚೀಚಿನ ಹೆಂಗಸಿಗೆ, ಟಿಎಂಟಿ ಅರೆಬರೆ ಬಂದವರಿಗೆ, ಹಣ ಹೊಂದುವಂತಿದ್ದರೆ ಸಿಟಿ ಮೇಲು.

ಸಿಟಿಗೆ ಮುಂಚೆ ಕ್ರಿಯಾಟಿನಿನ್ ಎಂಬ ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿ. ಕಿಡ್ನಿ ಸೋತವರಿಗೆ ಆ ಬಣ್ಣ ಭಾರ. ನಾಡಿ 60–65ಕ್ಕೆ ಇಳಿದಿರಬೇಕಾದ್ದರಿಂದ ಅಂದು ಬೆಳಿಗ್ಗೆ ಗುಳಿಗೆ ಕೊಡುತ್ತಾರೆ. ಎಪ್ಪತ್ತು ದಾಟಿ ನಾಳಗಳಲ್ಲಿ ಸುಣ್ಣ ಕಟ್ಟಿದವರ ಚಿತ್ರ ಮಸುಕಾಗಿ ಬರುತ್ತದೆ, ಅವರಿಗೆ ಅದು ದಂಡದ ಖರ್ಚು.

ಇನ್ನು ಮಣಿಕಟ್ಟಿನಿಂದಲೋ ತೊಡೆಯಿಂದಲೋ ನಳಿಕೆ ತೂರಿಸುವ ಆಂಜಿಯೋಗ್ರಾಮ್. ನಮ್ಮಲ್ಲಿ ಇದನ್ನೇ ಮೊದಲ ಪರೀಕ್ಷೆಯಾಗಿ ಮಾಡಿಸುವ ರೂಢಿ ಬೆಳೆದಿದೆ. ‘ಒಮ್ಮೆಲೆ ಮುಗದ್ಹೋಗ್ಲಿ’ ಎನ್ನುವುದು ಮನೆಯವರ ವಾದ. 2022ರಲ್ಲಿ ಬಂದ ಡಿಸ್ಚಾರ್ಜ್ ಅಧ್ಯಯನ ಯುರೋಪಿನ 3,561 ಜನರಲ್ಲಿ ಸಿಟಿಯನ್ನೂ ಇದನ್ನೂ ನೇರವಾಗಿ ಹೋಲಿಸಿತು. ಮುಂದಿನ ವರ್ಷಗಳ ಹೃದಯಾಘಾತ, ಸಾವು ಇತ್ಯಾದಿ ಶೇ. 2.1 ಮತ್ತು ಶೇ. 3.0, ಭೇದವೆನ್ನುವಷ್ಟಿಲ್ಲ. ಆದರೆ ಪರೀಕ್ಷೆ–ಚಿಕಿತ್ಸೆಯಿಂದಲೇ ಆದ ದೊಡ್ಡ ತೊಡಕುಗಳು ಸಿಟಿಯಲ್ಲಿ ಶೇ. 0.5, ನಳಿಕೆಯಲ್ಲಿ ಶೇ. 1.9. ಬ್ಲಾಕ್ ಇರುವ ಸಂಭವ ಮಧ್ಯಮವಾಗಿದ್ದವರ ಲೆಕ್ಕ ಇದು ಎನ್ನುವುದು ಗಮನದಲ್ಲಿರಲಿ. ನಾಲ್ಕು ಹೆಜ್ಜೆಗೇ ನೋವು ಬರುವವರಿಗೆ, ಎಕೋದಲ್ಲಿ ಪಂಪು ದುರ್ಬಲವಾದವರಿಗೆ, ಟಿಎಂಟಿಯಲ್ಲಿ ಮೊದಲ ಹಂತಕ್ಕೇ ಬಿದ್ದವರಿಗೆ ನೇರ ಆಂಜಿಯೋಗ್ರಾಮೇ ಸರಿ.

ಯಾವ ನೋವೂ ಇಲ್ಲದೆ, ಯಾರದೋ ಸಾವಿನ ಸುದ್ದಿ ಕೇಳಿ ಪರೀಕ್ಷೆಗೆ ಓಡುವವರಿಗೆ ಇವು ಯಾವುವೂ ಬೇಡ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ, ಜೇಬಿನ ಗುಟಖಾ ಚೀಟಿ ಬಿಸಾಡಿ.

ಗುಳಿಗೆಯೋ, ಸ್ಟೆಂಟೋ, ಬೈಪಾಸೋ?

ಬನಹಟ್ಟಿಯಲ್ಲಿ ನನ್ನ ಸೋದರಮಾವನದು ಮಗ್ಗದ ಮನೆ. 61 ವರ್ಷ, ಸಕ್ಕರೆ ಇಲ್ಲ, ಬಿಪಿ ಇದೆ. ಜಿನ್ನೆ (ಮೆಟ್ಟಿಲು) ಹತ್ತಿದರೆ ಎದೆ ಬಿಗಿಯುತ್ತದೆ ಎಂದು ಆರು ತಿಂಗಳು ಸುಮ್ಮನಿದ್ದು, ಕೊನೆಗೆ ದೊಡ್ಡ ಊರಿನ ಒಂದು ದವಾಖಾನೆಯಲ್ಲಿ ಆಂಜಿಯೋಗ್ರಾಮ್ ಮಾಡಿಸಿದರು. ಮೇಜಿನ ಮೇಲಿಂದಲೇ ಫೋನ್. ‘ಒಂದು ಬ್ಲಾಕ್ ಐತಂತೋ ತಮ್ಮಾ, ಎಂಬತ್ತು ಪರ್ಸೆಂಟು. ಈಗಿಂದೀಗ ಸ್ಟೆಂಟ್ ಹಾಕ್ತೀವಿ, ಸಹಿ ಮಾಡ್ರಿ ಅನ್ನಾಕತ್ತಾರ. ಇಲ್ಲಾಂದ್ರ ಯಾವಾಗ ಏನಾಗತೈತೋ ಹೇಳಾಕ ಬರಂಗಿಲ್ಲಂತ.’ ಅತ್ತಿಯ ಅಳು ಹಿಂದಿನಿಂದ ಕೇಳುತ್ತಿತ್ತು.

ಶೇ. 80 ಎಂಬ ಅಂಕಿ ಕೇಳಿದವನಿಗೆ ಶೇ. 20 ಆಯಸ್ಸು ಉಳಿದ ಹಾಗೆ ಅನಿಸುತ್ತದೆ. ಆದರೆ ನಿಧಾನವಾಗಿ ಕಿರಿದಾದ ನಾಳವೇ ನಾಳೆ ಹೃದಯಾಘಾತ ತರುತ್ತದೆ ಎಂದಿಲ್ಲ. ಎಷ್ಟೋ ಹೃದಯಾಘಾತಗಳು ನಾಳವನ್ನು ಅರ್ಧಕ್ಕಿಂತ ಕಡಿಮೆ ಕಿರಿದು ಮಾಡಿದ್ದ ಮೆತ್ತನೆಯ ಕೊಬ್ಬಿನ ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಆಗುವಂಥವು. ಸ್ಟೆಂಟ್ ಒಂದು ಜಾಗ ರಿಪೇರಿ ಮಾಡುತ್ತದೆ. ಸ್ಟ್ಯಾಟಿನ್ ಎಲ್ಲ ಗಂಟುಗಳ ಮೇಲೂ ಕೆಲಸ ಮಾಡುತ್ತದೆ. 2007ರ ಕರೇಜ್ ಅಧ್ಯಯನ ಹೇಳಿದ್ದು ಇದನ್ನೇ: 2,287 ರೋಗಿಗಳು, ನಾಲ್ಕೂವರೆ ವರ್ಷದ ಮೇಲೆ ಸಾವು ಅಥವಾ ಹೃದಯಾಘಾತ ಸ್ಟೆಂಟ್ ಮತ್ತು ಗುಳಿಗೆ ಎರಡೂ ಪಡೆದವರಲ್ಲಿ ಶೇ. 19.0, ಬರೀ ಗುಳಿಗೆಯವರಲ್ಲಿ ಶೇ. 18.5. ಹಳೆಯ ಸ್ಟೆಂಟ್‌ಗಳು, ಸೌಮ್ಯ ರೋಗಿಗಳು ಎಂದು ಆಕ್ಷೇಪ ಬಂತು. ಆಗ ಇಸ್ಕೀಮಿಯಾ ಅಧ್ಯಯನ ನಡೆಯಿತು, ಭಾರತವೂ ಸೇರಿ 37 ದೇಶಗಳ 5,179 ರೋಗಿಗಳು, ಹೊಸ ಸ್ಟೆಂಟ್‌ಗಳು, ಪರೀಕ್ಷೆಯಲ್ಲಿ ಹೃದಯಕ್ಕೆ ಮಧ್ಯಮದಿಂದ ತೀವ್ರ ರಕ್ತದ ಕೊರತೆ ಕಂಡವರೇ. 2020ರಲ್ಲಿ ಬಂದ ಉತ್ತರ ಅದೇ: ಮೊದಲೇ ಆಂಜಿಯೋಗ್ರಾಮ್, ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದ್ದರಿಂದ ಸಾವು ಕಡಿಮೆಯಾಗಲಿಲ್ಲ.

ಹಾಗಾದರೆ ಸ್ಟೆಂಟ್ ಮೋಸವೇ? ಅಲ್ಲ. ಅದೇ ಇಸ್ಕೀಮಿಯಾದಲ್ಲಿ ಪದೇ ಪದೇ ನೋವು ಬರುತ್ತಿದ್ದವರಿಗೆ ಸ್ಟೆಂಟ್, ಬೈಪಾಸ್‌ನಿಂದ ನೋವು ಚೆನ್ನಾಗಿ ಇಳಿಯಿತು. ನೋವಿಲ್ಲದವರಿಗೆ ಏನೂ ಸಿಗಲಿಲ್ಲ. ಲಂಡನ್ನಿನ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2017ರ ಆರ್ಬಿಟಾದಲ್ಲಿ 200 ಜನರಿಗೆ ಚೆನ್ನಾಗಿ ಗುಳಿಗೆ ಕೊಟ್ಟು, ಆಮೇಲೆ ಅರ್ಧ ಜನರಿಗೆ ನಿಜವಾದ ಸ್ಟೆಂಟ್, ಉಳಿದವರಿಗೆ ಮಂಪರು ಕೊಟ್ಟು ಸ್ಟೆಂಟ್ ಹಾಕಿದ ನಾಟಕ. ಯಾರಿಗೆ ಯಾವುದೆಂದು ರೋಗಿಗೆ ಗೊತ್ತಿಲ್ಲ. ಆರು ವಾರದ ಮೇಲೆ ಓಡುವ ಸಾಮರ್ಥ್ಯದಲ್ಲಿ ಉಳಿದ ಭೇದ ಹದಿನಾರೂವರೆ ಸೆಕೆಂಡು, ಅದೂ ಲೆಕ್ಕಕ್ಕೆ ಹಿಡಿಯುವಂಥದ್ದಲ್ಲ. ಮುಂದೆ 2023ರ ಆರ್ಬಿಟಾ-2ರಲ್ಲಿ ಎದೆನೋವಿನ ಗುಳಿಗೆಗಳನ್ನು ನಿಲ್ಲಿಸಿ ಅದೇ ಪ್ರಯೋಗ ಮಾಡಿದಾಗ ಸ್ಟೆಂಟ್ ನಿಜವಾಗಿ ಎದೆನೋವು ಇಳಿಸಿತು. ಎರಡನ್ನೂ ಕೂಡಿಸಿ ಓದಿದರೆ, ಗುಳಿಗೆಯೂ ನೋವು ಇಳಿಸುತ್ತದೆ, ಸ್ಟೆಂಟೂ ಇಳಿಸುತ್ತದೆ; ಗುಳಿಗೆ ಚೆನ್ನಾಗಿ ನಡೆಯುತ್ತಿರುವಾಗ ಸ್ಟೆಂಟಿನಿಂದ ಹೆಚ್ಚಿಗೆ ಸಿಗುವುದು ಸ್ವಲ್ಪ.

ಮಾವನಿಗೆ ನಾನು ಹೇಳಿದ್ದು ‘ಹಾಕಿಸಬೇಡ’ ಎಂದಲ್ಲ. ‘ಮೂರು ಮಾತು ಕೇಳು ಮಾವಾ’ ಎಂದೆ. ಬ್ಲಾಕ್ ಎಡಗಡೆಯ ಮುಖ್ಯ ನಾಳದ ಬುಡದಲ್ಲಿದೆಯೇ? ಪಂಪು ಎಷ್ಟು ಪರ್ಸೆಂಟ್ ಒತ್ತುತ್ತಿದೆ? ಇಂದು ಹಾಕದೆ ಎರಡು ತಿಂಗಳು ಗುಳಿಗೆ ನೋಡಿದರೆ ಏನಾಗುತ್ತದೆ? ಎಡ ಮುಖ್ಯ ನಾಳ ಕಟ್ಟಿದವರನ್ನೂ, ಪಂಪು ಶೇ. 35ಕ್ಕಿಂತ ಕೆಳಗಿದ್ದವರನ್ನೂ ಇಸ್ಕೀಮಿಯಾದಲ್ಲಿ ಸೇರಿಸಿಕೊಂಡೇ ಇರಲಿಲ್ಲ; ಮಾವ ಆ ಪೈಕಿಯಾಗಿದ್ದರೆ ನನ್ನ ಪುರಾಣವೆಲ್ಲ ವ್ಯರ್ಥ. ಬುಡದಲ್ಲಿಲ್ಲ, ಪಂಪು ಸರಿಯಾಗಿದೆ, ಶೇ. 60 ಎಂದು ಉತ್ತರ ಬಂತು. ಮೂರನೆಯದಕ್ಕೆ ಆ ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ನೋಡಬಹುದು’ ಎಂದರಂತೆ. ಅಲ್ಲಿಯತನಕ ಅವರು ತಗೊಳ್ಳುತ್ತಿದ್ದದ್ದು ಬಿಪಿಯ ಒಂದು ಗುಳಿಗೆ, ಅದೂ ನೆನಪಾದಾಗ. ಹೊಸ ಚೀಟಿಯಲ್ಲಿ ಆಸ್ಪಿರಿನ್, ಅಟೊರ್ವಸ್ಟ್ಯಾಟಿನ್ 40 ಎಂಬ ಸ್ಟ್ಯಾಟಿನ್, ಎದೆನೋವು ಇಳಿಸುವ ಮೆಟೊಪ್ರೊಲಾಲ್, ನೈಟ್ರೇಟ್. ಆರು ವಾರಕ್ಕೆ ಜಿನ್ನೆ ಹತ್ತುವುದು ಸಲೀಸಾಯಿತು.

ಕತೆ ಅಲ್ಲಿಗೆ ಮುಗಿದಿದ್ದರೆ ನನ್ನ ಗತ್ತು ಉಳಿಯುತ್ತಿತ್ತು. ಹದಿನೈದು ತಿಂಗಳಾದ ಮೇಲೆ ನೋವು ಮತ್ತೆ ಬಂತು, ಗುಳಿಗೆ ಏರಿಸಿದರೂ ಸಂತೆಯಿಂದ ಚೀಲ ತರಲಾಗದಷ್ಟು. ಆಗ ಸ್ಟೆಂಟ್ ಹಾಕಿಸಿದರು. ‘ಮೊದಲ ಹಾಕ್ಸಿದ್ರ ಆಗ್ತಿತ್ತಲ್ಲೋ’ ಎಂದು ಅತ್ತಿ ಈಗಲೂ ನನ್ನನ್ನು ಚುಚ್ಚುತ್ತಾಳೆ. ಇಸ್ಕೀಮಿಯಾದಲ್ಲೂ ಗುಳಿಗೆಯ ಗುಂಪಿನ ಐದರಲ್ಲೊಬ್ಬರು ಕಾಲಕ್ರಮದಲ್ಲಿ ಸ್ಟೆಂಟಿಗೋ ಬೈಪಾಸಿಗೋ ಹೋದರು. ಕಾದದ್ದರಿಂದ ಅವರ ಜೀವಕ್ಕೆ ನಷ್ಟವಾಗಲಿಲ್ಲ, ಉಳಿದ ನಾಲ್ವರಿಗೆ ಆ ಲೋಹ ಬೇಕೇ ಆಗಲಿಲ್ಲ. ಅತ್ತಿಗೆ ಇದನ್ನು ವಿವರಿಸುವ ಧೈರ್ಯ ನನಗಿಲ್ಲ.

ಬೈಪಾಸ್ ಪ್ರಶ್ನೆ ಏಳುವುದು ಹೃದಯದ ಮೂರೂ ಮುಖ್ಯ ನಾಳ ಕಟ್ಟಿದಾಗ, ಅದರಲ್ಲೂ ಸಕ್ಕರೆ ಇದ್ದಾಗ. ನಮ್ಮ ಓಣಿಯ ನಿವೃತ್ತ ಕಂಡಕ್ಟರ್ ಒಬ್ಬರ ಮಕ್ಕಳು ‘ಎದಿ ಸೀಳೂದು ಬ್ಯಾಡ್ರಿ, ಮೂರು ಸ್ಟೆಂಟ್ ಹಾಕ್ಸೋಣ’ ಎಂದು ಪಟ್ಟು ಹಿಡಿದಿದ್ದರು. ಅಪ್ಪನಿಗೆ ಹದಿನೆಂಟು ವರ್ಷದ ಸಕ್ಕರೆ. ಇಂಥವರ ಮೇಲೆಯೇ ನಡೆದ ಅಧ್ಯಯನ 2012ರ ಫ್ರೀಡಂ: 1,900 ಸಕ್ಕರೆ ರೋಗಿಗಳು, ಒಂದಕ್ಕಿಂತ ಹೆಚ್ಚು ನಾಳ ಕಟ್ಟಿದವರು. ಐದು ವರ್ಷಕ್ಕೆ ತೀರಿಕೊಂಡವರು ಸ್ಟೆಂಟ್ ಗುಂಪಿನಲ್ಲಿ ಶೇ. 16.3, ಬೈಪಾಸ್ ಗುಂಪಿನಲ್ಲಿ ಶೇ. 10.9. ಇದಕ್ಕಿಂತ ಸ್ಪಷ್ಟ ಉತ್ತರ ಈ ಇಡೀ ಬರಹದಲ್ಲಿ ಬೇರೊಂದಿಲ್ಲ. ಬೆಲೆಯೂ ಇದೆ: ಪಾರ್ಶ್ವವಾಯು ಬೈಪಾಸಿನವರಲ್ಲಿ ಶೇ. 5.2, ಸ್ಟೆಂಟಿನವರಲ್ಲಿ ಶೇ. 2.4. ಎದೆಯ ಮೂಳೆ ಕೂಡಲು ಎರಡು ಮೂರು ತಿಂಗಳು. ಆ ಮನೆಯವರು ಎರಡನ್ನೂ ತೂಗಿ ಬೈಪಾಸಿಗೆ ಒಪ್ಪಿದರು. ಸಕ್ಕರೆ ಇಲ್ಲದ, ಬ್ಲಾಕ್‌ಗಳು ಸರಳವಾಗಿರುವ ಮೂರು ನಾಳದವರಲ್ಲಿ ಅಂತರ ಕಿರಿದಾಗುತ್ತದೆ. ಇದನ್ನು ಅಳೆಯಲು ಸಿಂಟ್ಯಾಕ್ಸ್ ಎಂಬ ಅಂಕವಿದೆ. ಅಂಕ 22ರವರೆಗೆ ಸ್ಟೆಂಟ್ ನಡೆದೀತು, 33 ಮತ್ತು ಮೇಲಾದರೆ ಬೈಪಾಸ್ ಕಡೆ ವಾಲುತ್ತದೆ. ‘ಸಿಂಟ್ಯಾಕ್ಸ್ ಸ್ಕೋರ್ ಎಷ್ಟ್ರೀ?’ ಎಂದು ಕೇಳಿದ ರೋಗಿಯ ಜೊತೆ ವೈದ್ಯರು ಹತ್ತು ನಿಮಿಷ ಹೆಚ್ಚಿಗೆ ಮಾತಾಡಿದ್ದನ್ನು ಕಂಡಿದ್ದೇನೆ. ಸ್ಟೆಂಟ್ ಹಾಕುವವರನ್ನು ಮಾತ್ರ ಕೇಳದೆ ಆಪರೇಷನ್ ಮಾಡುವವರನ್ನೂ ಒಮ್ಮೆ ಕಾಣಿ.

ಹಣದ ಮಾತು ಬೇಗ ಮುಗಿಸುತ್ತೇನೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು. ಆಮೇಲೆ ಅದು ಆಗಾಗ ಪರಿಷ್ಕರಣೆಯಾಗಿದೆ, ಆದರೆ ಮಿತಿ ಎಂಬುದು ಇದೆ. ‘ಫಾರಿನ್ ಸ್ಟೆಂಟ್’ ಎಂದು ಅದನ್ನು ಮೀರಿದ ದರ ಹೇಳಿದರೆ ಬಿಲ್ಲಿನಲ್ಲಿ ಸ್ಟೆಂಟಿನ ಹೆಸರು, ದರ ಬೇರೆಯಾಗಿ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30, ಹೆಚ್ಚೆಂದರೆ 1.5 ಲಕ್ಷ. ವಾರದ ಮಾತಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ತಾಸಿನ ಮಾತಾದರೆ ಬೇಡ. ಮಿರಜ, ಸೊಲ್ಲಾಪುರ ನಮಗೆ ಹತ್ತಿರವೇ, ಹೋಗಿ ಬಂದ ರೂಢಿಯೂ ತಲೆಮಾರುಗಳದ್ದು. ಆದರೆ ಅದು ಬೇರೆ ರಾಜ್ಯ. ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಬಸ್ಸು ಹತ್ತುವ ಮುಂಚೆ ಆ ಆಸ್ಪತ್ರೆಗೇ ಫೋನ್ ಮಾಡಿ ಕೇಳಬೇಕು.

ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಜೊತೆ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಗುಳಿಗೆ, ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್, ಇರುತ್ತದೆ. ವಾರದ ಮಾತಿನವರಿಗೆ ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತವಾದವರಿಗೆ ಒಂದು ವರ್ಷ. ನಡುವೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಬಹುದು. ಮಾವನಿಗೆ ನಾಲ್ಕನೇ ತಿಂಗಳಿಗೆ ದವಡೆ ಹಲ್ಲು ಕೀಳಿಸುವ ಪ್ರಸಂಗ ಬಂತು. ‘ರಕ್ತ ತೆಳು ಮಾಡೂ ಗುಳಿಗಿ ವಾರ ಬಿಡಬೇಕಂತ’ ಎಂದು ಯಾರೋ ಹೇಳಿದ್ದನ್ನು ನಂಬಿ ಎರಡು ದಿನ ಬಿಟ್ಟೂ ಬಿಟ್ಟಿದ್ದರು. ತಿಂಗಳ ಔಷಧಕ್ಕೆ ಬಂದಾಗ ಪಟ್ಟಿಯಲ್ಲಿ ಗುಳಿಗೆ ಉಳಿದದ್ದು ನೋಡಿ ನನ್ನ ಎದೆಯೇ ಧಸಕ್ಕೆಂದಿತು. ಅಲ್ಲಿಂದಲೇ ಅವರ ಹೃದಯದ ವೈದ್ಯರಿಗೆ ಫೋನ್ ಹಚ್ಚಿದೆವು. ಒಂದು ಹೊತ್ತೂ ಬಿಡಬೇಡಿ, ಗುಳಿಗೆ ನಡೆಯುತ್ತಿರುವಾಗಲೇ ಕೀಳಿಸಿ ಎಂದರು. ಹಲ್ಲಿನ ಡಾಕ್ಟರು ಎರಡು ಹೊಲಿಗೆ ಹಾಕಿ, ಅರ್ಧ ತಾಸು ಹತ್ತಿ ಕಚ್ಚಿಸಿ ಕೂರಿಸಿದರು. ರಕ್ತ ನಿಂತಿತು. ಆ ಸಂಜೆ ರೊಟ್ಟಿ ಬಿಟ್ಟು ನುಚ್ಚು ಉಂಡರು.